ಉಪದೇಶಿ ಮನೆಯ ಕೇಸು

ಸೂಸೈ ಮೇಷ್ಟ್ರ ಮನೆಯಲ್ಲಿ ಒಣಮೀನಿನ ವಾಸನೆ ಕಾಣೆಯಾಗಿ ತಿಂಗಳ ಮೇಲಾಗಿತ್ತು. ಈಸ್ಟರಿಗೆ ಮುಂಚಿನ ತಪಸ್ಸುಕಾಲ ಮುಗಿದು ಹಬ್ಬವೂ ಆಗಿಹೋಗಿತ್ತು. ಆದರೂ ಉಪದೇಶಿ ಮನೆಯವರು ಇನ್ನೂ ಉಪವಾಸ ಬಿಟ್ಟಿಲ್ಲವಲ್ಲ ಎಂದು ಎದುರುಮನೆ ರಾಚಮ್ಮ ನೀರಿಗೆ ಹೋದಾಗಲೆಲ್ಲ ಕೆಣಕುತ್ತಿದ್ದಳು. ಅವಳಿಗೆ ಕಾರಣ ಗೊತ್ತಿರಲಿಲ್ಲವೆಂದಲ್ಲ. ತುರ್ತುಪರಿಸ್ಥಿತಿಯ ಎರಡನೆಯ ವರ್ಷ ಅದು. ಹನೂರಿನಲ್ಲಿ ಮೇಷ್ಟ್ರುಗಳ ಸಂಬಳ ಯಾಕೆ ನಿಂತಿದೆ ಎಂಬುದು ಸಂತೆಯಲ್ಲಿ ಸೊಪ್ಪು ಮಾರುವವರಿಗೂ ತಿಳಿದಿತ್ತು. ಒಬ್ಬೊಬ್ಬ ಮೇಷ್ಟ್ರೂ ಮಕ್ಕಳಾಗದಂತೆ ಮಾಡುವ ಆಪರೇಷನ್ನಿಗೆ ಒಬ್ಬೊಬ್ಬರನ್ನು ಕರೆತರಬೇಕಿತ್ತು. ಹಾಗೆ ಬಂದವರಿಗೆ ಕೇಸು ಎಂದು ಹೆಸರು. ಕೇಸು ತಂದವನಿಗೆ ಸಂಬಳ, ತಾರದವನು ಹೆಡ್ಮಾಸ್ಟರ ಮುಂದೆ ನಿಂತು ಬೈಸಿಕೊಳ್ಳಬೇಕು.

ಸೂಸೈಯ ತಂದೆ ಸಂದ್ಯಾಗಪ್ಪ ಮಾರ್ಟಳ್ಳಿ ಕಡೆಯಿಂದ ಬಂದು ಹನೂರಿನಲ್ಲಿ ನೆಲೆ ನಿಂತವರು. ಚರ್ಚಿನ ಪಾದ್ರಿ ಸ್ವಾಮಿಗಳು ಬಾರದ ಭಾನುವಾರಗಳಲ್ಲಿ ಜನರನ್ನು ಕೂಡಿಸಿ ಪ್ರಾರ್ಥನೆ ನಡೆಸುವುದು, ಮಕ್ಕಳಿಗೆ ಧರ್ಮೋಪದೇಶ ಹೇಳಿಕೊಡುವುದು, ಸಾಯುವವರ ತಲೆದೆಸೆಯಲ್ಲಿ ಕೂತು ಜಪ ಹೇಳುವುದು ಇವೆಲ್ಲ ಅವರ ಕೆಲಸ. ಹೀಗಾಗಿ ಅದು ಉಪದೇಶಿ ಮನೆ. ಮನೆಯಲ್ಲಿ ಅವರ ಹೆಂಡತಿ ಸಲೇತಮ್ಮ, ಮಗ ಸೂಸೈ, ಸೊಸೆ ಮದಲೇಮೇರಿ, ನಾಲ್ಕು ಮೊಮ್ಮಕ್ಕಳು. ಐದನೆಯದು ಮದಲೇಮೇರಿಯ ಹೊಟ್ಟೆಯಲ್ಲಿತ್ತು.

ಒಂದು ಸಂಜೆ ಮುದ್ದೆ, ಉಪ್ಪೆಸರಿನ ಮುಂದೆ ಕೂತು ಸೂಸೈ ಹೆಡ್ಮಾಸ್ಟರು ಪುಟ್ಟಬಸಪ್ಪ ಹೇಳಿದ್ದನ್ನು ಹೇಳಿಬಿಟ್ಟ. ಬೇರೆ ಯಾರನ್ನೂ ಹುಡುಕುವುದು ಬೇಡ, ನೀನೇ ಹೋಗಿ ಮಲಗಿಬಿಡು, ನಾಲ್ಕು ಮಕ್ಕಳಿವೆ, ಇನ್ನೇನು ನೋಡುತ್ತಿದ್ದೀಯ ಎಂದಿದ್ದರಂತೆ.

ಸಂದ್ಯಾಗಪ್ಪ ಮುರಿದ ಮುದ್ದೆಯ ತುತ್ತನ್ನು ತಟ್ಟೆಗೆ ಹಾಕಿದರು. "ಉಪದೇಶಿ ಮಗ ಓಗಿ ಆ ಟೇಬಲ್ ಮ್ಯಾಲೆ ಮಲಿಕ್ಕಂಡ್ರೆ ನಾನು ಯಾವ ಮಕ ಒತ್ಕಂಡು ಪೀಠದ ಮುಂದೆ ನಿಂತ್ಕಳ್ಲಿ? ಪಾಪ ಅಂತ ವಾರ ವಾರ ಏಳ್ತಿರೋನು ನಾನು ಕಣ್ಲಾ."

ಅದು ನಿಜ. ಕ್ರೈಸ್ತ ಸಭೆ ಅದನ್ನು ಪಾಪವೆನ್ನುತ್ತದೆ ಎಂದು ಸ್ವಾಮಿಗಳು ಒಂದು ಸಲ ಮೆಲ್ಲಗೆ ಹೇಳಿದ್ದರು. ಸಂದ್ಯಾಗಪ್ಪ ಅದನ್ನೇ ಹತ್ತು ಸಲ ಜೋರಾಗಿ ಹೇಳಿದ್ದರು. ಅಪ್ಪ ಬೇಡವೆಂದದ್ದರಿಂದ ಸೂಸೈಗೆ ಒಳಗೊಳಗೇ ನೆಮ್ಮದಿಯಾಯಿತು. ಅವನ ಹೆದರಿಕೆಯಲ್ಲಿ ಪಾಪದ ಪಾಲೆಷ್ಟು, ಡಾಕ್ಟರ ಕತ್ತಿಯ ಪಾಲೆಷ್ಟು ಎಂಬುದನ್ನು ಅವನು ಯಾರಿಗೂ ಹೇಳಲಿಲ್ಲ.

ಮದಲೇಮೇರಿ ಒಲೆಯ ಹತ್ತಿರದಿಂದಲೇ ಮಾತಾಡಿದಳು. "ನಾಕನೇದ್ರಲ್ಲಿ ನಾನು ರಕ್ತ ಓಗಿ ಓಗಿ ಎಂಗಾಗಿದ್ದೆ ಅಂತ ಎಲ್ರೂ ನೋಡಿದ್ದೀರಿ. ಇದೇ ಕಡೇದಾಗ್ಲಿ, ಇನ್ನೊಂದಾದ್ರೆ ಉಳಿಯಲ್ಲ ಅಂತ ಡಾಕ್ಟ್ರಮ್ಮ ಏಳವ್ರೆ. ಇವ್ರು ಮಲಿಕ್ಕಳ್ದೆ ಇದ್ರೆ ನಂಗಾದ್ರೂ ಮಾಡ್ಸಿ ಮಾವ."

"ಕೊಡೋನು ಕಾಯ್ದೇ ಇರ್ತಾನಾ ಮಗಾ," ಎಂದರು ಮಾವ. ಮಾತು ಮೆದುವಾಗಿತ್ತು, ಆದರೆ ಅದರಾಚೆಗೆ ದಾರಿ ಇರಲಿಲ್ಲ. ಸೊಸೆ ಸೆರಗು ಸಿಕ್ಕಿಸಿಕೊಂಡು ಹಿತ್ತಲಿಗೆ ಹೋದಳು.

ಸಂಬಳವಿಲ್ಲದೆ ಎಷ್ಟು ದಿನ ನಡೆದೀತು? ದಿನಸಿ ಅಂಗಡಿಯವನು ಮೊದಲು ನಗುತ್ತ, ಆಮೇಲೆ ನಗದೆ, ಕೊನೆಗೆ ಸೂಸೈಯನ್ನು ಕಂಡರೂ ಕಾಣದವನಂತೆ ಇರತೊಡಗಿದ. ಮಕ್ಕಳಿಗೆ ಬೆಳಗಿನ ಅಂಬಲಿ ನೀರಾಯಿತು. ಬಸುರಿ ಸೊಸೆಗೆ ಮಜ್ಜಿಗೆಯೂ ಇಲ್ಲವೆಂದು ಸಲೇತಮ್ಮ ಗಂಡನ ಕಿವಿಗೆ ಬೀಳುವಂತೆ ಪಾತ್ರೆ ಕುಕ್ಕಿದಳು. ಆಗಲೇ ಸಂದ್ಯಾಗಪ್ಪನವರ ಬಾಯಿಂದ ಆ ಉಪಾಯ ಹೊರಬಿದ್ದದ್ದು. ಕೇಸು ನಮ್ಮವನೇ ಆಗಬೇಕು ಎಂದು ಎಲ್ಲಿ ಬರೆದಿದೆ? ಸಭೆಯ ಹೊರಗಿನವರು ಊರು ತುಂಬ ಇದ್ದಾರಲ್ಲ.

ಸೂಸೈ ಅನುಮಾನಿಸಿದ. ಸ್ವಾಮಿಗಳನ್ನು ಒಂದು ಮಾತು ಕೇಳೋಣವೇ ಎಂದ.

"ಇದ್ನೆಲ್ಲ ಕೇಳಿ ಅವ್ರ ತಲೆ ತಿನ್ಬ್ಯಾಡ. ಸಭೆ ಕಟ್ಟಳೆ ಸಭೆಯವ್ರಿಗೆ. ಗ್ಯಾನಸ್ನಾನ ಆಗ್ದೇ ಇರೋರಿಗೆ ಅದು ಎಂಗೆ ಅಂಟ್ಕತದೆ?"

ಇಷ್ಟು ವರ್ಷ ಊರಿಗೆಲ್ಲ ಧರ್ಮ ಹೇಳಿದ ಬಾಯಿ ಅದು. ಸೂಸೈಗೆ ಅಷ್ಟು ಸಾಕಿತ್ತು.

ಸಂತೆಯ ದಿನ ಪುಟ್ಟಬೊಮ್ಮ ಬಂದ. ಅವನು ಬೆಟ್ಟದ ಸೋಲಿಗ. ಮೇಲಿನ ಕಾಡಿನ ಪೋಡಿನಲ್ಲಿ, ಎಂದರೆ ಸೋಲಿಗರ ಪುಟ್ಟ ಹಳ್ಳಿಯಲ್ಲಿ, ಅವನ ಗುಡಿಸಲು. ಸೀಗೆಕಾಯಿ, ಪೊರಕೆ, ಒಮ್ಮೊಮ್ಮೆ ಜೇನು ಹೊತ್ತು ಸಂತೆಗೆ ಬಂದರೆ ಉಪದೇಶಿ ಮನೆಯ ಜಗಲಿಯಲ್ಲೇ ಹೊರೆ ಇಳಿಸುತ್ತಿದ್ದ. ಹಿಂದೊಮ್ಮೆ ಅವನ ಹೆಂಡತಿ ಕೇತಮ್ಮ ಹೆರಿಗೆಯಲ್ಲಿ ಕಷ್ಟಪಟ್ಟಾಗ ಸೂಸೈಯೇ ಬಸ್ಸು ಹತ್ತಿಸಿ ಕೊಳ್ಳೇಗಾಲದ ಆಸ್ಪತ್ರೆಗೆ ಸೇರಿಸಿ ಬಂದಿದ್ದ. ಮಗು ಉಳಿಯಲಿಲ್ಲ, ತಾಯಿ ಉಳಿದಳು. ಅಂದಿನಿಂದ ಪುಟ್ಟಬೊಮ್ಮನಿಗೆ ಮೇಷ್ಟ್ರ ಮಾತೆಂದರೆ ಮಾತು.

ಸೂಸೈ ಅವನನ್ನು ಜಗಲಿಯ ಮೇಲೆ ಹತ್ತಿರ ಕೂರಿಸಿಕೊಂಡ. ಸಣ್ಣ ಆಪರೇಷನ್, ನೋವಿಲ್ಲ, ಸಂಜೆಗೆ ಎದ್ದು ಮನೆಗೆ ಹೋಗಬಹುದು, ಕಂಬಳಿ ಕೊಡುತ್ತಾರೆ, ಕೈಗಿಷ್ಟು ದುಡ್ಡೂ ಕೊಡುತ್ತಾರೆ, ನಿನ್ನಿಂದ ನನಗೂ ದೊಡ್ಡ ಉಪಕಾರವಾಗುತ್ತದೆ ಎಂದೆಲ್ಲ ಹೇಳಿದ. ಯಾತಕ್ಕೆ ಆಪರೇಷನ್ ಎಂಬುದನ್ನು ಮಾತ್ರ ಮಾತಿನ ನಡುವೆ ಸಣ್ಣಗೆ ಹೇಳಿ ಮುಂದಕ್ಕೆ ಹೋದ. ಆದರೆ ಪುಟ್ಟಬೊಮ್ಮನಿಗೆ ಅದು ಕೇಳಿಸಿತ್ತು.

"ಆಮ್ಯಾಲೆ ಮಕ್ಳಾಯ್ತವಾ ಸಾ?"

ಒಳಗೆ ಮದಲೇಮೇರಿ ಅವನಿಗೆಂದು ಅಂಬಲಿ ಬಗ್ಗಿಸುತ್ತಿದ್ದವಳು ಕೈ ನಿಲ್ಲಿಸಿದಳು.

ಸೂಸೈ ಒಂದು ಗಳಿಗೆ ಅಂಗಳ ನೋಡಿದ. "ದೇವ್ರು ಕೊಟ್ರೆ ಆಯ್ತವೆ ಬೊಮ್ಮ," ಎಂದ.

ಸುಳ್ಳು ಹೇಳಿದೆನೆಂದು ಅವನಿಗೆ ಆಗ ಅನ್ನಿಸಲಿಲ್ಲ. ದೇವರ ಹೆಸರು ಹೇಳಿದ್ದೇನಲ್ಲ, ಅದು ಹೇಗೆ ಸುಳ್ಳಾದೀತು? ಇಂಥ ಕಡೆ ದೇವರನ್ನು ಮುಂದೆ ನಿಲ್ಲಿಸಿ ತಾನು ಹಿಂದೆ ನಿಲ್ಲುವ ಬುದ್ಧಿ ಉಪದೇಶಿ ಮನೆಯಲ್ಲಿ ಬೆಳೆದವನಿಗಲ್ಲದೆ ಬೇರೆಯವರಿಗೆ ಅಷ್ಟು ಸಲೀಸಾಗಿ ಬರುವುದಿಲ್ಲ. ಮದಲೇಮೇರಿ ಅಂಬಲಿ ತಂದಿಟ್ಟಳು, ಜೊತೆಗೆ ಎಂದೂ ಕೊಡದ ಬೆಲ್ಲದ ಚೂರನ್ನೂ ಇಟ್ಟಳು. ಬಾಯಿ ಮಾತ್ರ ಬಿಡಲಿಲ್ಲ. ಅವಳಿಗೂ ಸಂಬಳ ಬೇಕಾಗಿತ್ತು.

ಕ್ಯಾಂಪಿನ ದಿನ ಶಾಮಿಯಾನದ ಕೆಳಗೆ ಜನ ಕುರಿಮಂದೆಯ ಹಾಗೆ ಕೂತಿದ್ದರು. ಮೇಜಿನ ಹಿಂದೆ ಕೂತಿದ್ದವನು ಪುಟ್ಟಬೊಮ್ಮನ ಹೆಸರು ಕೇಳಿದ, ಮಕ್ಕಳೆಷ್ಟು ಎಂದು ಕೇಳಿದ. ಒಂದೇ ಮಗುವಿನವರನ್ನು ಮಲಗಿಸುವ ಹಾಗಿರಲಿಲ್ಲ.

"ಮೂರು ಸಾ."

ಪುಟ್ಟಬೊಮ್ಮ ಬದುಕಿದ್ದ ಹೆಣ್ಣುಮಗುವಿನ ಜೊತೆಗೆ ಮಣ್ಣಿಗಿಟ್ಟ ಎರಡನ್ನೂ ಸೇರಿಸಿ ಹೇಳಿದ್ದ. ಹುಟ್ಟಿದ ಮಕ್ಕಳು ಮಕ್ಕಳೇ ಅಲ್ಲವೇ? ಅವನ ಲೆಕ್ಕ ಸೂಸೈಗೆ ಅರ್ಥವಾಗದೆ ಇರಲಿಲ್ಲ. ಅವನ ತಾಯಿ ಸಲೇತಮ್ಮನೂ ಹಾಗೇ. ನನಗೆ ಏಳು ಮಕ್ಕಳು, ನಾಲ್ಕು ಮೋಕ್ಷದಲ್ಲಿವೆ, ಮೂರು ಭೂಮಿ ಮೇಲಿವೆ ಎಂದು ಅವಳು ಹೇಳುವುದನ್ನು ಕೇಳಿಕೊಂಡೇ ಅವನು ಬೆಳೆದಿದ್ದ.

ಮೇಜಿನವನು ತಲೆ ಎತ್ತಿ, ಮೂರೇ ತಾನೇ ಮೇಷ್ಟ್ರೇ, ನಿಮಗೆ ಗೊತ್ತಲ್ಲ ಎಂದ.

"ಊಂ, ಗೊತ್ತು," ಎಂದ ಸೂಸೈ.

ಆ ತಿಂಗಳು ಸಂಬಳ ಬಂತು, ಹಿಂದಿನದೂ ಸೇರಿ ಬಂತು. ಸೂಸೈ ಬರುವಾಗ ಒಣಮೀನು, ಅಕ್ಕಿ, ಮಕ್ಕಳಿಗೆ ಬತ್ತಾಸು ತಂದ. ಮದಲೇಮೇರಿ ಮೀನು ಸುಟ್ಟು ಹುಳಿ ಹಾಕಿ ಗೊಜ್ಜು ಮಾಡಿದಳು. ಬೀದಿಯ ಕೊನೆಯವರೆಗೂ ವಾಸನೆ ಹೋಯಿತು. ಊಟದ ಮುಂದೆ ಸಂದ್ಯಾಗಪ್ಪ ಎಂದಿಗಿಂತ ಉದ್ದವಾಗಿ ಕೃತಜ್ಞತೆಯ ಜಪ ಹೇಳಿದರು.

ಸಲೇತಮ್ಮ ಅನ್ನ ಕಲೆಸುತ್ತ ಕೇಳಿದಳು, "ಲೋ ಸೂಸೈ, ಬೊಮ್ಮಂಗೆ ಇರಾದು ಒಂದೇ ಎಣ್ಮಗ ಅಲ್ವೇನ್ಲಾ?"

"ಸುಮ್ನೆ ಉಣ್ಣವ್ವ," ಎಂದ ಸೂಸೈ.

ಮುದುಕಿ ಸುಮ್ಮನೆ ಉಂಡಳು. ಹಸಿದಿದ್ದಳು. ಎಲ್ಲರೂ ಹಸಿದಿದ್ದರು. ಆದರೆ ಆ ರಾತ್ರಿ ತಟ್ಟೆ ತೊಳೆಯುವಾಗ ಸೊಸೆಯಾಗಲಿ ಅತ್ತೆಯಾಗಲಿ ಒಬ್ಬರ ಮುಖ ಒಬ್ಬರು ನೋಡಲಿಲ್ಲ.

ಪುಟ್ಟಬೊಮ್ಮ ಕೆಲವು ಸಂತೆಗಳಿಗೆ ಬರಲಿಲ್ಲ. ಗಾಯ ಬಾತು ಮಲಗಿದ್ದಾನೆ, ಕೇತಮ್ಮನೇ ಪೊರಕೆ ಹೊತ್ತು ಮಾರುತ್ತಿದ್ದಾಳೆ ಎಂದು ಯಾರೋ ಹೇಳಿದರು. ಸೂಸೈ ಹೋಗಿ ನೋಡಿ ಬರಬೇಕೆಂದುಕೊಂಡ. ಆ ಭಾನುವಾರ ಆಗಲಿಲ್ಲ, ಮುಂದಿನ ಭಾನುವಾರವೂ ಆಗಲಿಲ್ಲ. ಅಷ್ಟರಲ್ಲಿ ಪುಟ್ಟಬೊಮ್ಮನೇ ಎದ್ದು ಓಡಾಡುತ್ತಿದ್ದಾನೆಂದು ಕೇಳಿ, ಸದ್ಯ, ಹೋಗುವುದು ತಪ್ಪಿತು ಎಂದು ಹಗುರಾದ.

ಮದಲೇಮೇರಿಗೆ ಕೊಳ್ಳೇಗಾಲದಲ್ಲಿ ಹೆರಿಗೆಯಾಯಿತು, ಗಂಡುಮಗು. ಈ ಸಲವೂ ರಕ್ತ ನಿಲ್ಲದೆ ಡಾಕ್ಟರಮ್ಮ ಓಡಾಡಿದರು. ಚೇತರಿಸಿಕೊಂಡ ಮೇಲೆ ಸೂಸೈಯನ್ನು ಕರೆದು, ಇನ್ನೊಂದು ಬಸಿರಾದರೆ ನನ್ನ ಹತ್ತಿರ ಕರೆದುಕೊಂಡು ಬರಬೇಡಿ, ನೇರವಾಗಿ ಗುಂಡಿ ತೋಡಿಸಿ ಎಂದರು. ಅವರ ಬಾಯಿ ಒರಟು. ಇವಳಿಗೆ ಮೈಯಲ್ಲಿ ರಕ್ತವಿಲ್ಲ, ಇವಳನ್ನು ಈಗ ಕುಯ್ಯುವುದಕ್ಕಿಂತ ನೀವೇ ಮಾಡಿಸಿಕೊಳ್ಳುವುದು ಸುಲಭ ಎಂದೂ ಹೇಳಿದರು. ಸೂಸೈ ಮನೆಯಲ್ಲಿ ಕೇಳಿ ಹೇಳುತ್ತೇನೆ ಎಂದ. ಮೂವತ್ತೈದು ದಾಟಿದ ಗಂಡಸು, ನಲವತ್ತು ಮಕ್ಕಳಿಗೆ ಪಾಠ ಹೇಳುವವನು! ಡಾಕ್ಟರಮ್ಮ ಅವನನ್ನು ಮೇಲಿಂದ ಕೆಳಗೆ ನೋಡಿ ಹೊರಟುಹೋದರು.

ಮನೆಯಲ್ಲಿ ಕೇಳಿದ್ದೂ ಆಯಿತು. ಸಂದ್ಯಾಗಪ್ಪ ಅದೇ ಮಾತು ಹೇಳಿದರು. ಗಂಡ ಹೆಂಡತಿ ಅಣ್ಣತಂಗಿಯ ಹಾಗೆ ಇರಬಹುದಲ್ಲ, ಸಭೆ ಅದನ್ನು ಬೇಡವೆನ್ನುವುದಿಲ್ಲ ಎಂದೂ ಸೇರಿಸಿದರು.

"ಅಂಗೇ ಇರ್ತೀನಿ ಅಂತ ನಾಕನೇದು ಉಟ್ದಾಗ್ಲೂ ಅಂದಿದ್ರು ನಿಮ್ಮ ಮಗ," ಎಂದಳು ಮದಲೇಮೇರಿ. ಮಾವನೆದುರು ಇಂಥ ಮಾತು ಆಡಿದ್ದಕ್ಕೆ ಅವಳ ಕಿವಿಯೆಲ್ಲ ಬಿಸಿಯಾಯಿತು, ಆದರೂ ಆಡಿದ ಮಾತನ್ನು ಹಿಂದಕ್ಕೆ ತೆಗೆದುಕೊಳ್ಳಲಿಲ್ಲ. ಸಂದ್ಯಾಗಪ್ಪ ಟವೆಲು ಕೊಡವಿಕೊಂಡು ಮಾತೆಯ ಗುಡಿಯ ಕಡೆ ನಡೆದರು.

ಮಗುವಿಗೆ ಗುಡಿಯಲ್ಲಿ ಜ್ಞಾನಸ್ನಾನ ಮಾಡಿಸಿ ಹೆಸರಿಟ್ಟ ಮರುವಾರ ಪುಟ್ಟಬೊಮ್ಮ, ಕೇತಮ್ಮ ಇಬ್ಬರೂ ಬಂದರು. ಮಗುವಿನ ನಾಲಗೆಗೆ ನೆಕ್ಕಿಸಲು ಜೇನು ತಂದಿದ್ದರು. ಪುಟ್ಟಬೊಮ್ಮ ಸ್ವಲ್ಪ ಇಳಿದುಹೋಗಿದ್ದ. ಸೂಸೈ, ಸಂದ್ಯಾಗಪ್ಪ ಜಗಲಿಯಲ್ಲಿದ್ದರು. ಅವನು ಅಲ್ಲೇ ಅಂಗಳದಲ್ಲಿ ಕೂತ. ಕೇತಮ್ಮ ಹೊಸಿಲ ಹತ್ತಿರ ಕೂತು ಮಗುವನ್ನು ತೊಡೆಗೆ ಹಾಕಿಕೊಂಡಳು. ಕಾಲು ಮುಟ್ಟಿ ನೋಡಿದಳು, ಕಿವಿ ಮುಟ್ಟಿ ನೋಡಿದಳು, ಯಾರ ಹಾಗಿದ್ದಾನೆಂದು ಸಲೇತಮ್ಮನೊಡನೆ ವಾದ ಮಾಡಿದಳು. ಆಮೇಲೆ ದನಿ ಇಳಿಸಿ ಮದಲೇಮೇರಿಯನ್ನು ಕೇಳಿದಳು.

"ಅವ್ವಾ, ನಿಮ್ಮ ಮಾತೆಗೆ ನಮ್ಮಂತೋರು ಅರಕೆ ಕಟ್ಕಬೌದಾ?"

ಯಾಕೆಂದು ಮದಲೇಮೇರಿ ಕೇಳಿದಳು.

"ನಮ್ಮ ಕಾಡಿನ ದ್ಯಾವ್ರಿಗೆ ಕಟ್ಕಂಡಿವ್ನಿ. ದ್ಯಾವ್ರು ಕೊಟ್ರೆ ಆಯ್ತವೆ ಅಂದ್ರಂತಲ್ಲ ಮೇಷ್ಟ್ರು. ಅವ್ರ ದ್ಯಾವ್ರಿಗೂ ಒಂದು ಮಾತು ಏಳಿ ಇಡಮಾ ಅಂತ ಬಂದೆ. ಒಂದು ಗಂಡಾಗ್ಲಿ, ಎಣ್ಣಾಗ್ಲಿ, ಮನೇಲಿರೋ ಎಣ್ಮಗಿನ ಜೊತೆಗೊಂದು ಇರ್ಲಿ ಅಂತ."

ಸೂಸೈಗೆ ಎದ್ದು ಎಲ್ಲಿಗಾದರೂ ಹೋಗಿಬಿಡಬೇಕೆನ್ನಿಸಿತು. ಹೋಗಬೇಕಾದರೆ ಪುಟ್ಟಬೊಮ್ಮನನ್ನು ದಾಟಿಕೊಂಡೇ ಹೋಗಬೇಕು.

ಮದಲೇಮೇರಿಗೆ ತಡೆಯಲಾಗಲಿಲ್ಲ. ಎಷ್ಟೋ ವಾರಗಳಿಂದ ಒಳಗಿಟ್ಟುಕೊಂಡಿದ್ದುದು ಹಾಗೇ ಬಂದುಬಿಟ್ಟಿತು. "ಆಗಲ್ಲ ಕಣವ್ವ. ಆ ಆಪರೇಷನ್ ಆದ್ಮ್ಯಾಲೆ ಯಾವ ದ್ಯಾವ್ರಿಗೆ ಏಳ್ಕಂಡ್ರೂ ಆಗಲ್ಲ. ಆಗ್ಬಾರ್ದು ಅಂತ್ಲೇ ಅದ್ನ ಮಾಡಾದು. ನಂಗೂ ಮಾಡ್ಸಿ ಅಂತ ಇವ್ರ ಕಾಲಿಡ್ಕಂಡೆ. ಪಾಪ ಅಂತ ಬುಡ್ಲಿಲ್ಲ."

ಹೇಳಿದ ಮೇಲೆ ತಾನು ಯಾರಿಗೆ ಹೇಳಿದೆ ಎಂದು ಅವಳಿಗೆ ಹೊಳೆಯಿತು. ಬಾಯಿಗೆ ಸೆರಗು ಒತ್ತಿಕೊಂಡಳು.

ಕೇತಮ್ಮ ಮಗುವನ್ನು ನೋಡಿದಳು. ಆಮೇಲೆ ನಿಧಾನವಾಗಿ ಎತ್ತಿ ಸಲೇತಮ್ಮನ ಕೈಗೆ ಕೊಟ್ಟಳು. ಪುಟ್ಟಬೊಮ್ಮ ಅಂಗಳದಿಂದ ಎದ್ದಿರಲಿಲ್ಲ. ಅವನು ಕೂಗಾಡಲಿಲ್ಲ, ಕೂಗಾಡಿದ್ದರೆ ಸೂಸೈಗೆ ಎಷ್ಟೋ ವಾಸಿಯಿತ್ತು.

"ಪಾಪ ಅಂತ ನಿಮ್ಗೆ ಗೊತ್ತಿತ್ತಾ ಸಾ?"

ಸೂಸೈ ಅಪ್ಪನ ಕಡೆ ನೋಡಿದ. ಸಂದ್ಯಾಗಪ್ಪ ತಮ್ಮ ಪಾದ ನೋಡಿಕೊಳ್ಳುತ್ತಿದ್ದರು.

"ಗೊತ್ತಿತ್ತು ಬೊಮ್ಮ."

"ಇನ್ನು ಮಕ್ಳಾಗಲ್ಲ ಅಂತ್ಲೂವಾ?"

"ಅದೂ ಗೊತ್ತಿತ್ತು."

ಪುಟ್ಟಬೊಮ್ಮ ತಲೆದೂಗಿದ. ಹೆಂಡತಿಗೆ ನಡಿ ಎಂದ. ಬಾಗಿಲಲ್ಲಿ ಸಲೇತಮ್ಮ ಅಡ್ಡ ಬಂದು, ಒಂದು ಗುಟುಕು ಅಂಬಲಿಯಾದರೂ ಕುಡಿದು ಹೋಗಿರವ್ವ ಎಂದು ಬೇಡಿಕೊಂಡಳು. ಆ ಮನೆಯಲ್ಲಿ ಎಂದೂ ಬೇಡವೆನ್ನದವರು ಅಂದು ಬೇಡವೆಂದರು. ಮರ್ಯಾದೆಯಾಗಿಯೇ ಹೇಳಿದರು.

ಅವರು ಬೀದಿ ದಾಟುವವರೆಗೆ ಸಲೇತಮ್ಮ ಕಾದಳು. ಮದುವೆಯಾಗಿ ಬಂದಾಗಿನಿಂದ ಗಂಡನಿಗೆ ಎದುರಾಡದ ಹೆಂಗಸು ಅಂದು ಮೊಮ್ಮಗನನ್ನು ಎದೆಗವಚಿಕೊಂಡು ಅವರ ಮುಂದೆ ನಿಂತಳು. "ನಮ್ಗೆ ಪಾಪ ಅವ್ರಿಗೆ ಅಲ್ಲ ಅಂದ್ರೆ ಏನ್ರೀ ಅರ್ತ? ಅವ್ರ ಉಟ್ಸಿದ್ದು ಬ್ಯಾರೆ ದ್ಯಾವ್ರಾ? ಅಂಗಂತ ಮಕ್ಳಿಗೆ ಏಳ್ಕೊಡ್ತಿದ್ದೀರಾ ನೀವು ಗುಡೀಲಿ?"

ಇಷ್ಟು ವರ್ಷ ಪ್ರಶ್ನೆ ಕೇಳಿ ಮಕ್ಕಳಿಂದ ಉತ್ತರ ಒಪ್ಪಿಸಿಕೊಂಡ ಸಂದ್ಯಾಗಪ್ಪ ಎದ್ದು ಹಿತ್ತಲಿಗೆ ಹೋದರು.

ಮದಲೇಮೇರಿ ಅತ್ತಳು, ತನ್ನ ಮೇಲೂ ಸಿಟ್ಟು ಮಾಡಿಕೊಂಡಳು. ಅಂದು ಅಂಬಲಿ ಬಗ್ಗಿಸುತ್ತ ಕೇಳಿಸಿಕೊಂಡು ಸುಮ್ಮನಿದ್ದವಳು ತಾನೂ ಅಲ್ಲವೇ? ಬೆಲ್ಲದ ಚೂರು ಇಟ್ಟು ಬಾಯಿ ಮುಚ್ಚಿಕೊಂಡೆ ಎಂದು ಗಂಡನಿಗೆ ಹೇಳಿದಳು. ಆಮೇಲೆ ಕಣ್ಣೊರೆಸಿಕೊಂಡು ಹೇಳಿದಳು, "ಇನ್ನು ನಾನು ಯಾರ್ನೂ ಕೇಳಲ್ಲ. ನೀವು ಓಗಿ ಮಲಿಕ್ಕಂಡು ಬನ್ನಿ. ಇಲ್ದಿದ್ರೆ ನಾನು ಈ ಐದು ಮಕ್ಳ ಕಟ್ಕಂಡು ನಮ್ಮವ್ವನ ಮನೆಗೆ ಓಯ್ತೀನಿ. ಸಾಯಕ್ಕೆ ನಾನು ತಯಾರಿಲ್ಲ."

ಸೋಮವಾರ ಸೂಸೈ ಮೊದಲ ಬಸ್ಸಿಗೆ ಕೊಳ್ಳೇಗಾಲಕ್ಕೆ ಹೋದ. ಸಂದ್ಯಾಗಪ್ಪ ತಡೆಯಲಿಲ್ಲ, ಆಶೀರ್ವಾದವನ್ನೂ ಮಾಡಲಿಲ್ಲ. ಬಸ್ಸು ನಿಲ್ಲುವಲ್ಲಿಯವರೆಗೆ ಚೀಲ ಹಿಡಿದುಕೊಂಡು ಜೊತೆಗೆ ಬಂದು ನಿಂತರು. ಆಪರೇಷನ್ನಿನಲ್ಲಿ ಅಷ್ಟೇನೂ ನೋವಾಗಲಿಲ್ಲ. ನೋವಾಗದ್ದಕ್ಕೇ ಸೂಸೈಗೆ ಹೆಚ್ಚು ನಾಚಿಕೆಯಾಯಿತು. ಇಷ್ಟಕ್ಕೆ ಹೆದರಿಕೊಂಡು ಇನ್ನೊಬ್ಬನ ಮನೆ ಹಾಳು ಮಾಡಿದೆನಲ್ಲ ಎಂದು ಆಸ್ಪತ್ರೆಯ ಗೋಡೆಯ ಕಡೆ ಮುಖ ತಿರುಗಿಸಿ ಮಲಗಿದ್ದ. ಇದನ್ನು ಮೊದಲೇ ಮಾಡಿಸಿಕೊಂಡಿದ್ದರೆ ಹೆಂಡತಿಯ ಹೆದರಿಕೆ ಕಳೆಯುತ್ತಿತ್ತು, ಸಂಬಳ ಬರುತ್ತಿತ್ತು, ಪುಟ್ಟಬೊಮ್ಮ ತನ್ನ ಪಾಡಿಗೆ ಸೀಗೆಕಾಯಿ ಮಾರಿಕೊಂಡಿರುತ್ತಿದ್ದ.

ಊರಿಗೆ ತಿಳಿಯಲು ಎಷ್ಟು ಹೊತ್ತು? ಉಪದೇಶಿ ಮಗನೇ ಮಲಗಿ ಬಂದನಂತೆ ಎಂದು ಬಾವಿಕಟ್ಟೆಯಲ್ಲಿ ನಕ್ಕರು. ಸಂದ್ಯಾಗಪ್ಪ ಆ ಭಾನುವಾರ ಪ್ರಾರ್ಥನೆಗೆ ನಿಲ್ಲಲಿಲ್ಲ, ಇನ್ನೊಬ್ಬರಿಗೆ ಹೇಳಿ ಹಿಂದಿನ ಸಾಲಿನಲ್ಲಿ ಕೂತರು. ಮಗನ ಆಪರೇಷನ್ನಿಗೆ ನಾಚಿಕೊಂಡಿದ್ದಾರೆಂದು ಎಲ್ಲರೂ ತಿಳಿದರು. ಅವರು ತಿದ್ದಲಿಲ್ಲ. ತಿದ್ದಬೇಕಾದರೆ ಪುಟ್ಟಬೊಮ್ಮನ ವಿಷಯ ಹೇಳಬೇಕು, ಅಷ್ಟು ಧೈರ್ಯ ಇನ್ನೂ ಬಂದಿರಲಿಲ್ಲ.

ಸ್ವಾಮಿಗಳು ಬಂದಾಗ ಮುದುಕರು ಪಾಪನಿವೇದನೆಗೆ ಹೋದರು. ಹೋದವರು ಬೇಗ ಹಿಂದಕ್ಕೆ ಬಂದರು. ಏನಾಯಿತೆಂದು ಸಲೇತಮ್ಮ ಕೇಳಿದ್ದಕ್ಕೆ, ಪ್ರಾಯಶ್ಚಿತ್ತದ ಜಪತಪ ಆಮೇಲೆ ಹೇಳುತ್ತೇನೆ, ಮೊದಲು ಆ ಮನುಷ್ಯನ ಬಾಗಿಲಿಗೆ ಹೋಗಿ ಬಾ ಎಂದು ಸ್ವಾಮಿಗಳೇ ಕಳಿಸಿದರು ಅಂದರು. ಮಗನನ್ನು ಕರೆದರು. ನಡಿಯಪ್ಪ, ಹೋಗೋಣ ಎಂದಷ್ಟೇ ಹೇಳಿದರು.

ಇಬ್ಬರೂ ಶನಿವಾರ ಮಧ್ಯಾಹ್ನ ಶಾಲೆ ಮುಗಿದ ಮೇಲೆ ಹೊರಟರು. ಬಸ್ಸಿಳಿದ ಮೇಲೂ ದೂರ ನಡೆಯಬೇಕಿತ್ತು. ಸಂದ್ಯಾಗಪ್ಪ ಅಲ್ಲಲ್ಲಿ ಕೂತು ಉಸಿರು ತೆಗೆದುಕೊಳ್ಳುತ್ತಿದ್ದರು. ಹೋಗಿ ಏನು ಹೇಳುವುದೆಂದು ಸೂಸೈ ದಾರಿಯುದ್ದಕ್ಕೂ ಜೋಡಿಸಿಕೊಂಡ. ಪೋಡು ಕಂಡ ಕೂಡಲೇ ಎಲ್ಲ ಮರೆತುಹೋಯಿತು. ಇಷ್ಟು ವರ್ಷ ಪುಟ್ಟಬೊಮ್ಮ ತನ್ನ ಮನೆಗೆ ಬರುತ್ತಿದ್ದ, ತಾನು ಒಮ್ಮೆಯೂ ಅವನ ಮನೆಗೆ ಬಂದಿರಲಿಲ್ಲ ಎಂಬುದು ಅಲ್ಲಿ ನಿಂತಾಗ ತಿಳಿಯಿತು. ಯಾವ ಗುಡಿಸಲು ಅವನದೆಂದು ಕೇಳಬೇಕಾಯಿತು.

ಪುಟ್ಟಬೊಮ್ಮ ಹೊರಗೆ ಸೀಗೆಕಾಯಿ ಹರವುತ್ತಿದ್ದ. ಎದ್ದು ಕೈ ಒರೆಸಿಕೊಂಡು, ಬನ್ನಿ ಸಾ ಎಂದ. ಚಾಪೆ ಹಾಕಿದ. ಒಳಗೆ ಕೇತಮ್ಮನ ಬಳೆ ಸದ್ದಾಯಿತು, ಅವಳು ಹೊರಗೆ ಬರಲಿಲ್ಲ. ಹೆಣ್ಣುಮಗು, ಆರೇಳು ವರ್ಷದ್ದು, ನೀರು ತಂದಿಟ್ಟು ಅಪ್ಪನ ಬೆನ್ನ ಹಿಂದೆ ನಿಂತುಕೊಂಡಿತು.

ಸಂದ್ಯಾಗಪ್ಪ ಚಾಪೆಯ ಮೇಲೆ ಕೂರಲಿಲ್ಲ. ಕೈ ಮುಗಿದರು. "ತಪ್ಪು ನಂದು ಕಣಪ್ಪ. ಪಾಪ ಅಲ್ಲ ಓಗು ಅಂತ ಮಗಂಗೆ ಏಳ್ದೋನು ನಾನು. ನಿನ್ನ ನಮ್ಮಂಗೆ ಒಬ್ಬ ಮನ್ಸ ಅಂತ ಎಣಿಸ್ಲಿಲ್ಲ."

ಪುಟ್ಟಬೊಮ್ಮನಿಗೆ ಮುದುಕರು ಕೈ ಮುಗಿದು ನಿಂತದ್ದು ಕಷ್ಟವಾಯಿತು. ಕೂತ್ಕಳ್ಳಿ, ಕೂತ್ಕಳ್ಳಿ ಎಂದ. ಅವರು ಕೂತ ಮೇಲೆ ತಾನೂ ನೆಲದ ಮೇಲೆ ಕೂತ. ಆಪರೇಷನ್ನಿನಲ್ಲಿ ಕಟ್ಟಿದ್ದನ್ನು ಮತ್ತೆ ಬಿಚ್ಚಲು ಆಗುತ್ತದೆಯೇ ಎಂದು ಕೇಳಿದ.

ಸೂಸೈ ಈ ಸಲ ಇದ್ದದ್ದನ್ನು ಇದ್ದ ಹಾಗೆ ಹೇಳಿದ. ಮೈಸೂರಿನಂಥ ಕಡೆ ದೊಡ್ಡ ಡಾಕ್ಟರು ಮಾಡಿ ನೋಡಬಹುದಂತೆ. ಸರಿಹೋದರೆ ಹೋಗಬಹುದು, ಹೋಗದೆಯೂ ಇರಬಹುದು. ಹೆಚ್ಚು ಜನಕ್ಕೆ ಹೋಗುವುದಿಲ್ಲವಂತೆ. ಖರ್ಚೆಲ್ಲ ನನ್ನದು, ನಾನೇ ಜೊತೆಯಲ್ಲಿ ಕರೆದುಕೊಂಡು ಹೋಗುತ್ತೇನೆ ಎಂದ.

"ಬ್ಯಾಡ ಸಾ."

"ಯಾಕೆ ಬೊಮ್ಮ? ಒಂದ್ಸಲ ನೋಡಮಾ."

"ಕ್ಯಾಂಪ್‌ನೋರ ನಂಬಿ ನಾನು ಬಂದಿರ್ಲಿಲ್ಲ ಸಾ. ಆ ಡಾಕ್ಟ್ರು ಯಾರೋ ಏನೋ. ನೀವು ಏಳುದ್ರಲ್ಲ ಅಂತ ಬಂದೆ. ಈಗ್ಲೂ ನೀವೇ ಕರೀತಾ ಇದ್ದೀರಿ. ಎಂಗ ಬರ್ಲಿ?"

ಅವನ ದನಿಯಲ್ಲಿ ಸಿಟ್ಟಿರಲಿಲ್ಲ. ನಿಜವಾಗಿಯೂ ಉತ್ತರ ಬೇಕೆಂಬಂತೆ ಕೇಳಿದ್ದ. ನಂಬು ಎಂದು ಹೇಳುವ ಬಾಯಿ ಸೂಸೈಗೆ ಉಳಿದಿರಲಿಲ್ಲ. ಕೊಟ್ಟ ನೀರನ್ನು ತಂದೆ ಮಗ ಇಬ್ಬರೂ ಕುಡಿದರು.

ಏಳುವಾಗ ಪುಟ್ಟಬೊಮ್ಮ ಬೆನ್ನ ಹಿಂದಿನ ಮಗುವನ್ನು ಮುಂದಕ್ಕೆ ಎಳೆದು ನಿಲ್ಲಿಸಿದ.

"ಇವ್ಳ ಸೋಮವಾರದಿಂದ ನಿಮ್ಮ ಇಸ್ಕೂಲ್ಗೆ ಕಳಿಸ್ತೀನಿ ಸಾ, ದೂರ ಆದ್ರೂ ದಿನಾ ನಾನೇ ಕರ್ಕಂಡು ಬಂದು ಬುಡ್ತೀನಿ. ಓದಕ್ಕೆ ಬರಿಯಕ್ಕೆ ಚೆಂದಾಗಿ ಕಲ್ಸಿ. ಇನ್ಮುಂದೆ ಯಾರಾನ ಏನಾನ ಏಳುದ್ರೆ ದಿಟವೋ ಸುಳ್ಳೋ ಅಂತ ನೋಡಿ ಏಳಕ್ಕೆ ನಮ್ಮನೇಲಿ ಒಬ್ರು ಇರ್ಲಿ."

ಸೂಸೈ ಆಗಲಿ ಎಂದ. ಮಗುವಿನ ಹೆಸರೇನೆಂದು ಕೇಳಬೇಕಾಗಿತ್ತು. ಅದೂ ಅವನಿಗೆ ಗೊತ್ತಿರಲಿಲ್ಲ. ಕೇಳಲು ನಾಚಿಕೆಯಾಗಿ, ಸೋಮವಾರ ಹಾಜರಿ ಬರೆಯುವಾಗ ಕೇಳೋಣವೆಂದುಕೊಂಡು ತಲೆ ತಗ್ಗಿಸಿ ಅಪ್ಪನ ಹಿಂದೆ ಇಳಿದ.